ಹನುಮಾನ್ ಅನ್ನೋ ರೇಸ್ ಕಾರು, ಅಜ್ಜನ ಕಾಲದ ಆಸ್ಟಿನ್: ಓದುಗರ ಪ್ರಶ್ನೆಗಳಿಗೆ ಉತ್ತರ

ಹೋದ ಸಂಚಿಕೆಯಲ್ಲಿ ಎರಡನೇ ಮಹಾಯುದ್ಧಕ್ಕೂ ಮುಂಚಿನ ಸಿಂಗಲ್ ಸೀಟ್ ರೇಸ್ ಕಾರುಗಳ ಬಗ್ಗೆ ಒಂದು ಪುಟ ಬರೆದಿದ್ದೆ. ಪತ್ರಗಳು, ವಾಟ್ಸಾಪ್ ಮೆಸೇಜುಗಳು ಬಂದಿರೋದು ನೋಡಿದ್ರೆ ದಾವಣಗೆರೆ, ಹರಿಹರ, ದುರ್ಗದ ಕಡೆಯವರಿಗೆ ಹಳೇ ಇಂಜಿನ್ ಮೇಲೆ ಎಷ್ಟು ಪ್ರೀತಿ ಅಂತ ಗೊತ್ತಾಗುತ್ತೆ. ಎಲ್ಲಕ್ಕೂ ಜಾಗ ಸಾಲಲ್ಲ, ಒಂದೇ ಥರದ ಪ್ರಶ್ನೆಗಳನ್ನ ಸೇರಿಸಿ ಉತ್ತರ ಕೊಟ್ಟಿದೀನಿ.

ಪ್ರಶ್ನೆ: ಸರ್, ನಿಮ್ಮ ಪುಟದಲ್ಲಿ ಒಂದು ಫೋಟೋ ಕೆಳಗೆ ‘ಹನುಮಾನ್’ ಅಂತ ಇತ್ತು. ಇಂಗ್ಲೆಂಡಿನ ರೇಸ್ ಕಾರಿಗೆ ನಮ್ಮ ಆಂಜನೇಯಸ್ವಾಮಿ ಹೆಸರು ಹೆಂಗೆ ಬಂತು? ಮನೇಲಿ ಯಾರೂ ನಂಬ್ತಿಲ್ಲ. – ಓದುಗರು, ಹಳೇಪೇಟೆ, ದಾವಣಗೆರೆ

ಉತ್ತರ: ನಂಬಿಸ್ರಿ, ನಿಜಾನೇ ಅದು. ಆ ಕಾರು ಇಂಗ್ಲೆಂಡಿನ ಇ.ಆರ್.ಎ. ಕಂಪನಿದು, ಇಂಗ್ಲಿಷ್ ರೇಸಿಂಗ್ ಆಟೊಮೊಬೈಲ್ಸ್ ಅಂತ. 1933ರಲ್ಲಿ ಲಿಂಕನ್‌ಶೈರ್‌ನ ಬೋರ್ನ್ ಅನ್ನೋ ಸಣ್ಣ ಊರಲ್ಲಿ ಹಂಫ್ರಿ ಕುಕ್, ರೇಮಂಡ್ ಮೇಸ್, ಪೀಟರ್ ಬರ್ಥನ್ ಅನ್ನೋ ಮೂರು ಜನ ಸೇರಿ ಶುರು ಮಾಡಿದ್ರು, ದುಡ್ಡು ಕುಕ್‌ದು, ಓಡಿಸೋ ಹುಚ್ಚು ಮೇಸ್‌ದು, ಇಂಜಿನ್ ತಲೆ ಬರ್ಥನ್‌ದು. ರೈಲಿ ಅನ್ನೋ ಕಾರಿನ ಆರು ಸಿಲಿಂಡರ್ ಇಂಜಿನ್ನನ್ನ ಬುಡಕ್ಕೆ ಇಟ್ಕೊಂಡು ಅದನ್ನ ಗಟ್ಟಿ ಮಾಡಿ, ಮರ್ರೆ ಜೇಮಿಸನ್ ಡಿಸೈನ್ ಮಾಡಿದ ಸೂಪರ್‌ಚಾರ್ಜರ್ (ಇಂಜಿನ್ನಿಗೆ ಗಾಳಿ ಒತ್ತಿ ತುಂಬೋ ಪಂಪು) ಕೂರಿಸಿ, ರೀಡ್ ರೈಲ್ಟನ್ ಹತ್ರ ಚಾಸಿ ಡಿಸೈನ್ ಮಾಡಿಸಿದ್ರು. ಬರೀ 1488 ಸಿ.ಸಿ., ಅಂದ್ರೆ ಇವತ್ತಿನ ಒಂದು ಸಾಧಾರಣ ಕಾರಿನಷ್ಟೇ ಇಂಜಿನ್ನು. ಆದ್ರೂ ಗಂಟೆಗೆ 200 ಕಿಲೋಮೀಟರ್ ದಾಟಿ ಓಡ್ತಿತ್ತು.

ಇನ್ನು ಹೆಸರಿನ ವಿಷಯ. ಸಯಾಮ್ ದೇಶದ, ಅಂದ್ರೆ ಈಗಿನ ಥಾಯ್ಲೆಂಡಿನ ರಾಜಮನೆತನದ ಹುಡುಗ ಪ್ರಿನ್ಸ್ ಬೀರಾ ಇಂಗ್ಲೆಂಡಿಗೆ ಓದೋಕೆ ಹೋಗಿ, ಶಿಲ್ಪಕಲೆ ಕಲಿತು, ಜೊತೆಗೆ ರೇಸಿಗೂ ಇಳಿದ. ಅವನ ದಾಯಾದಿ ಅಣ್ಣ ಪ್ರಿನ್ಸ್ ಚೂಲಾ ಟೀಮ್ ನೋಡ್ಕೊಳ್ತಿದ್ದ, ಟೀಮಿನ ಹೆಸರು ವೈಟ್ ಮೌಸ್. 1935ರಲ್ಲಿ ಬೀರಾಗೆ 21 ತುಂಬಿದಾಗ ಚೂಲಾ ಉಡುಗೊರೆ ಕೊಟ್ಟಿದ್ದು ಒಂದು ಹೊಚ್ಚ ಹೊಸ ಇ.ಆರ್.ಎ. ಅದಕ್ಕೆ ರೋಮ್ಯುಲಸ್ ಅಂತ ಹೆಸರಿಟ್ರು, ಮುಂದಿನ ವರ್ಷ 1936ರಲ್ಲೇ ಅದು ಮೊನಾಕೊದಲ್ಲಿ ಸಣ್ಣ ಇಂಜಿನ್ ಕಾರುಗಳಿಗೆ ಅಂತ ಇದ್ದ ಪ್ರಿನ್ಸ್ ರೈನಿಯರ್ ಕಪ್ ಗೆದ್ದುಬಿಡ್ತು. ಎರಡನೇ ಇ.ಆರ್.ಎ. ಬಂದಾಗ ಅದು ರೀಮಸ್. ಮೂರನೇದು ಬಂದಾಗ ತಮ್ಮ ದೇಶದ ಕಡೆ ತಿರುಗಿ ಹನುಮಾನ್ ಅಂತ ಇಟ್ರು. ರಾಮಾಯಣ ಅಲ್ಲಿ ನಮ್ಮಷ್ಟೇ ಮನೆಮಾತು, ಅವರ ಹನುಮಂತ ಬಿಳೀ ಮೈಬಣ್ಣದವನು ಅಷ್ಟೇ ವ್ಯತ್ಯಾಸ. ಕಾರಿನ ಬಣ್ಣ ತಿಳಿನೀಲಿ, ಹಳದಿ ಚಕ್ರ. ಆಗ ದೇಶಕ್ಕೊಂದು ಬಣ್ಣ, ಇಟಲಿ ಕೆಂಪು, ಇಂಗ್ಲೆಂಡ್ ಹಸಿರು, ಫ್ರಾನ್ಸ್ ನೀಲಿ, ಬೀರಾ ದೆಸೆಯಿಂದ ಸಯಾಮಿಗೂ ನೀಲಿ-ಹಳದಿ ಸಿಕ್ತು. ಏಷ್ಯಾದ ಒಬ್ಬ ಹುಡುಗ ಯುರೋಪಿನ ಟ್ರ್ಯಾಕುಗಳಲ್ಲಿ ಅವರನ್ನೇ ಹಿಂದೆ ಹಾಕಿ, ಬ್ರಿಟನ್ನಿನ ರೇಸಿಂಗ್ ಡ್ರೈವರ್ಸ್ ಕ್ಲಬ್ಬಿನ ಗೋಲ್ಡ್ ಸ್ಟಾರ್ 1936, 37, 38 ಮೂರೂ ವರ್ಷ ತಗೊಂಡ ಅಂದ್ರೆ ಸುಮ್ನೆ ಅಲ್ಲ, ನಂಗೆ ಆ ಕಾಲದ ಡ್ರೈವರ್‌ಗಳಲ್ಲಿ ಇವನ ಮೇಲೆ ಒಂದು ಕೈ ಜಾಸ್ತಿ ಅಭಿಮಾನ.

ಪ್ರಶ್ನೆ: ಸಿಂಗಲ್ ಸೀಟ್ ಅಂದ್ರೆ ಡ್ರೈವರ್ ನಡುವೆ ಕೂರ್ತಾನೆ. ಇಂಜಿನ್ ಮುಂದೆ, ಓಡೋದು ಹಿಂದಿನ ಚಕ್ರ. ಹಂಗಿದ್ರೆ ಪ್ರೊಪೆಲ್ಲರ್ ಶಾಫ್ಟ್ ಎಲ್ಲಿಂದ ಹೋಗುತ್ತೆ ಸರ್? – ಮೆಕ್ಯಾನಿಕಲ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಒಳ್ಳೇ ಪ್ರಶ್ನೆ ಕಣಪ್ಪಾ. ಇ.ಆರ್.ಎ. ದಲ್ಲಿ ಸೀದಾ ಸೀಟಿನ ಕೆಳಗೇ ಹೋಗುತ್ತೆ, ಅದಕ್ಕೇ ಹಳೇ ಫೋಟೋಗಳಲ್ಲಿ ಡ್ರೈವರ್ ಎದೆವರೆಗೂ ಹೊರಗೆ ಕಾಣ್ತಾನೆ, ಎತ್ತಿನಗಾಡಿ ಮೂಕಿ ಮೇಲೆ ಕೂತಂಗೆ. ಮುಂಚೆ ರೇಸ್ ಕಾರಲ್ಲಿ ಪಕ್ಕಕ್ಕೊಬ್ಬ ಮೆಕ್ಯಾನಿಕ್ ಕೂರೋ ರೂಢಿ ಇತ್ತು, ಗ್ರ್ಯಾನ್ ಪ್ರೀ ಅನ್ನೋ ದೊಡ್ಡ ರೇಸುಗಳಲ್ಲಿ ಅದನ್ನ 1925ಕ್ಕೆ ನಿಲ್ಲಿಸಿದ್ರು, ಆದ್ರೂ ಎರಡು ಸೀಟಿನ ಅಗಲದ ಬಾಡಿಗಳು ಇನ್ನೂ ಕೆಲವು ವರ್ಷ ಹಂಗೇ ಮುಂದುವರೀತು. ನಡುಮಧ್ಯೆ ಒಬ್ಬನೇ ಕೂರೋ ಗ್ರ್ಯಾನ್ ಪ್ರೀ ಕಾರನ್ನ ಸರಿಯಾಗಿ ಗೆಲ್ಲಿಸಿ ತೋರಿಸಿದ್ದು 1932ರಲ್ಲಿ ಆಲ್ಫಾ ರೋಮಿಯೋ ಪಿ3, ವಿಟ್ಟೋರಿಯೋ ಯಾನೋ ಅನ್ನೋ ಇಂಜಿನಿಯರ್ ಕೈಕೆಲಸ.

ಯಾನೋ ಏನ್ ಮಾಡಿದ ಅಂದ್ರೆ ಡಿಫರೆನ್ಷಿಯಲ್‌ನ (ಎರಡು ಚಕ್ರಕ್ಕೂ ಓಟ ಹಂಚೋ ಗೇರ್ ಜೋಡಣೆ) ಹಿಂದಿನ ಆಕ್ಸಲ್ಲಿಂದ ಕಿತ್ತು ಗೇರ್‌ಬಾಕ್ಸ್ ಬೆನ್ನಿಗೇ ಕೂರಿಸಿದ, ಅಲ್ಲಿಂದ ಎರಡು ಶಾಫ್ಟು ಇಂಗ್ಲಿಷ್ ‘ವಿ’ ಅಕ್ಷರದ ಥರ ಕವಲೊಡೆದು ಒಂದೊಂದು ಚಕ್ರಕ್ಕೆ ಒಂದೊಂದು. ಇದರಿಂದ ಹಿಂದಿನ ಆಕ್ಸಲ್ ಹಗುರ ಆಯ್ತು, ಹಳ್ಳ ದಿಣ್ಣೆ ಮೇಲೆ ಚಕ್ರ ನೆಲ ಬಿಡೋದು ಕಮ್ಮಿ ಆಯ್ತು. ಇಂಜಿನ್ನು ಎಂಟು ಸಿಲಿಂಡರು, ನಾಲ್ಕು ನಾಲ್ಕರ ಎರಡು ಬ್ಲಾಕು, ನಡುವೆ ಗೇರ್ ಸಾಲು, ಎರಡು ಸೂಪರ್‌ಚಾರ್ಜರ್. 1935ರ ಜರ್ಮನ್ ಗ್ರ್ಯಾನ್ ಪ್ರೀನಲ್ಲಿ ನ್ಯೂರ್ಬರ್ಗ್‌ರಿಂಗ್ ಮೇಲೆ ಮರ್ಸಿಡಿಸ್, ಆಟೋ ಯೂನಿಯನ್ನಿನ ಒಂಬತ್ತು ಹೊಸ ಕಾರುಗಳ ಎದುರಿಗೆ ಟಾಟ್ಸಿಯೋ ನುವೊಲಾರಿ ಇದೇ ಹಳೇ ಪಿ3 ಓಡಿಸಿ ಗೆದ್ದ, ಅದೂ ಪಿಟ್‌ನಲ್ಲಿ ಪೆಟ್ರೋಲ್ ತುಂಬೋ ಪಂಪ್ ಕೈಕೊಟ್ಟು ಎರಡು ನಿಮಿಷದ ಮೇಲೆ ಕಳ್ಕೊಂಡ ಮೇಲೆ. ಕಡೇ ಲ್ಯಾಪಲ್ಲಿ ಮುಂದಿದ್ದ ಮರ್ಸಿಡಿಸ್ ಟೈರ್ ಸಿಡೀತು. ಆ ಪಿ3 ಟೀಮ್ ನಡೆಸ್ತಿದ್ದವರು ಯಾರು ಗೊತ್ತಾ, ಎಂಜೋ ಫೆರಾರಿ. ಆಟೋ ಯೂನಿಯನ್ನವರು ಅಷ್ಟೊತ್ತಿಗೆ ಶಾಫ್ಟಿನ ತಂಟೆನೇ ಬೇಡ ಅಂತ ಇಂಜಿನ್ನನ್ನ ಡ್ರೈವರ್ ಬೆನ್ನ ಹಿಂದೆ ಇಟ್ಟಾಗಿತ್ತು. ಇವತ್ತಿನ ಎಲ್ಲಾ ಫಾರ್ಮುಲಾ ಕಾರುಗಳೂ ಹಂಗೇ ಇರೋದು.

ಪ್ರಶ್ನೆ: ನಾನು ಹರಿಹರದಲ್ಲಿ ಲೇತ್ ಮೇಲೆ ಕೆಲಸ ಮಾಡಿ ರಿಟೈರ್ ಆದವನು. ಈ ಕಾರುಗಳ ಬೇರಿಂಗ್ ಎಲ್ಲಾ ಹೆಂಗೆ ಮಾಡ್ತಾರೆ, ಪಾರ್ಟ್ಸ್ ಸಿಗಲ್ವಲ್ಲ? ಹರಳೆಣ್ಣೆ ಹಾಕ್ತಿದ್ರು ಅಂತ ಬರೆದಿದ್ರಿ, ಅದು ದಿಟಾನಾ?

ಉತ್ತರ: ಯಜಮಾನ್ರೇ, ನಿಮ್ಮ ಕೈಗೆ ಬರೋ ಕೆಲಸಾನೇ ಅಲ್ಲೂ ಮಾಡೋದು. ಹರಿಹರದಲ್ಲಿ 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಲೇತುಗಳ ಮೇಲೆ ಪಳಗಿದ ಕೈಗಳು ನಮ್ಮ ಸುತ್ತಮುತ್ತ ಇನ್ನೂ ಇದಾವೆ, ನಾನೂ ಅಂಥವರ ಹತ್ರನೇ ಕೆಲಸ ಕಲಿತವನು. ಈ ಇಂಜಿನ್‌ಗಳ ಕಾಲದಲ್ಲಿ ಬೇರಿಂಗ್ ಅಂದ್ರೆ ಅಂಗಡಿಯಿಂದ ತಂದು ಹಾಕೋ ಶೆಲ್ ಅಲ್ಲ, ಬಹಳಷ್ಟು ಕಡೆ ವೈಟ್ ಮೆಟಲ್ ಹುಯ್ಯೋದು. ತವರ ಜಾಸ್ತಿ, ಜೊತೆಗೆ ಆಂಟಿಮನಿ, ತಾಮ್ರ. ಹಳೇ ಮೆಟಲ್ ಕರಗಿಸಿ ತೆಗೆದು, ಶೆಲ್ಲನ್ನ ಚೆನ್ನಾಗಿ ತಿಕ್ಕಿ ಮೊದಲು ಕಲಾಯಿ ಹಾಕಬೇಕು, ಕಲಾಯಿ ಎಲ್ಲಿ ಹಿಡೀಲಿಲ್ವೋ ಅಲ್ಲಿ ವೈಟ್ ಮೆಟಲ್ ಕೂಡ ಹಿಡಿಯಲ್ಲ, ನಾಳೆ ಅದೇ ಜಾಗದಿಂದ ಎದ್ದು ಬರುತ್ತೆ. ಶೆಲ್ ಕಾದಿರುವಾಗ್ಲೇ ಒಂದೇ ಉಸಿರಿಗೆ ಹುಯ್ದು, ಆರಿಸಿ, ಲೇತ್ ಮೇಲೆ ಬೋರ್ ಮಾಡಿ, ಆಮೇಲೆ ಕ್ರ್ಯಾಂಕಿಗೆ (ಪಿಸ್ಟನ್ ಓಟವನ್ನ ಸುತ್ತಾಗಿಸೋ ದಂಡ) ಬ್ಲೂ ಅನ್ನೋ ಗುರುತಿನ ನೀಲಿ ಬಣ್ಣ ಹಚ್ಚಿ ಕೂರಿಸಿ ತಿರುಗಿಸಿ ನೋಡಬೇಕು, ನೀಲಿ ಅಂಟಿದ ಕಡೆ ಸ್ಕ್ರೇಪರ್‌ನಲ್ಲಿ ಕೂದಲಷ್ಟು ತೆಗೀಬೇಕು, ಮತ್ತೆ ಕೂರಿಸಬೇಕು, ಮತ್ತೆ ತೆಗೀಬೇಕು, ಕೊನೆಗೆ ನೀಲಿ ಚುಕ್ಕೆ ಎಲ್ಲಾ ಕಡೆ ಸಮನಾಗಿ ಬೀಳೋವರೆಗೂ. ಹಳೇ ಆಯಿಲ್ ಇಂಜಿನ್ ಪಂಪ್‌ಸೆಟ್ ರಿಪೇರಿ ಮಾಡಿದ ಹಿರಿಯರಿಗೆ ಇದು ಹೊಸದೇನಲ್ಲ. ಕನೆಕ್ಟಿಂಗ್ ರಾಡು, ಕ್ರ್ಯಾಂಕು ಮಾತ್ರ ಬಿರುಕಿನ ಟೆಸ್ಟ್ ಮಾಡಿಸದೆ ವಾಪಸ್ ಹಾಕಬಾರದು. ಮೊದಲು ಕಾಂತದ ಟೆಸ್ಟು, ಅದಿಲ್ಲ ಅಂದ್ರೆ ಡೈ ಹಚ್ಚಿ ನೋಡೋ ಟೆಸ್ಟಾದ್ರೂ ಮಾಡಿಸಿ. ಕಣ್ಣಿಗೆ ಕಾಣದ ಬಿರುಕು 6000 ಸುತ್ತಿನಲ್ಲಿ ರಾಡನ್ನ ಬ್ಲಾಕ್ ಒಡೆದು ಹೊರಗೆ ಹಾಕುತ್ತೆ.

ಹರಳೆಣ್ಣೆ ದಿಟ. ಬಿಸಿ ಏರಿದ್ರೂ ಅದರ ಪದರ ಬೇಗ ಹರಿಯಲ್ಲ, ಲೋಹಕ್ಕೆ ಕಚ್ಕೊಂಡಿರುತ್ತೆ, ಆ ಕಾಲದ ಮಾಮೂಲಿ ಆಯಿಲ್‌ಗಳಿಗೆ ಅಷ್ಟು ತಾಕತ್ತಿರಲಿಲ್ಲ. ನಮ್ಮಜ್ಜಿ ತಲೆಗೆ ಹಚ್ತಿದ್ದ ಎಣ್ಣೆನೇ, ಆದ್ರೆ ಇಂಜಿನ್ನಿಗೆ ಅಂಟು ತೆಗೆದು ಶುದ್ಧ ಮಾಡಿದ್ದೇ ಬೇಕು, ಗಾಣದ್ದು ತಂದು ಸುರೀಬೇಡಿ. ಕೆಟ್ಟ ಗುಣ ಅಂದ್ರೆ ನಿಲ್ಲಿಸಿಟ್ಟಾಗ ಗಟ್ಟಿಯಾಗಿ ಮೇಣ ಆಗುತ್ತೆ. ದಶಕಗಟ್ಟಲೆ ನಿಂತ ರೇಸ್ ಇಂಜಿನ್ ಬಿಚ್ಚಿದ್ರೆ ಆಯಿಲ್ ಹೋಗೋ ತೂತಿನಲ್ಲೆಲ್ಲಾ ಕಂದು ಬಣ್ಣದ ಅರಗು ಕಟ್ಕೊಂಡಿರುತ್ತೆ, ಅದನ್ನ ಪೂರ್ತಿ ತೆಗೀದೆ ಸ್ಟಾರ್ಟ್ ಮಾಡಿದ್ರೆ ಬೇರಿಂಗ್ ಹೋಯ್ತು ಅಂತನೇ ಲೆಕ್ಕ. ಹರಳೆಣ್ಣೆಗೂ ಮಾಮೂಲಿ ಇಂಜಿನ್ ಆಯಿಲ್‌ಗೂ ಆಗಿಬರಲ್ಲ, ಒಂದರ ಮೇಲೊಂದು ಹಾಕಬೇಡಿ.

ಇಂಧನದ ಬಗ್ಗೆಯೂ ಒಂದು ಮಾತು, ಸೂಪರ್‌ಚಾರ್ಜರ್ ಇರೋ ಇಂಜಿನ್‌ಗಳಿಗೆ ಮೆಥನಾಲ್ ಹಾಕ್ತಿದ್ರು, ಅದು ಆವಿಯಾಗುವಾಗ ಒಳಗೆ ಹೋಗೋ ಗಾಳಿನ ತಣ್ಣಗೆ ಮಾಡುತ್ತೆ, ಇಂಜಿನ್ ಬಡಿಯಲ್ಲ. ಆದ್ರೆ ಪೆಟ್ರೋಲಿನ ಎರಡರಷ್ಟಕ್ಕೂ ಜಾಸ್ತಿ ಕುಡಿಯುತ್ತೆ, ನೀರು ಹೀರ್ಕೊಂಡು ಅಲ್ಯೂಮಿನಿಯಂ, ಮೆಗ್ನೀಷಿಯಂ ಎರಡನ್ನೂ ತಿಂದುಹಾಕುತ್ತೆ, ಅದಕ್ಕೆ ಓಡಿಸಿದ ದಿನವೇ ಖಾಲಿ ಮಾಡಿ ಪೆಟ್ರೋಲಲ್ಲಿ ತೊಳೀಬೇಕು. ಬೆಂಕಿ ಹತ್ತಿದ್ರೆ ಹಗಲಲ್ಲಿ ಜ್ವಾಲೆ ಕಣ್ಣಿಗೇ ಬೀಳಲ್ಲ. ಮನೆ ಶೆಡ್ಡಲ್ಲಿ ದಯವಿಟ್ಟು ಇದರ ಪ್ರಯೋಗ ಬೇಡ.

ಪ್ರಶ್ನೆ: ಚಾಸಿ ಬದಲಾಯಿಸಿ, ಇಂಜಿನ್ ಬದಲಾಯಿಸಿ, ಬಾಡಿನೂ ಹೊಸದು ಹೊಡೆದ ಮೇಲೆ ಅದನ್ನ ಅದೇ ಹಳೇ ಕಾರು ಅನ್ನೋದು ಮೋಸ ಅಲ್ವಾ? – ಓದುಗರು, ಚಿತ್ರದುರ್ಗ

ಉತ್ತರ: ಮೋಸ ಆಗೋದು ಮುಚ್ಚಿಟ್ಟಾಗ. ರೇಸ್ ಕಾರು ಷೋರೂಮಿನಿಂದ ಬಂದಂಗೇ ಉಳಿಯೋ ವಸ್ತುನೇ ಅಲ್ಲ, ಭಾನುವಾರ ಗುದ್ದಿದ್ದನ್ನ ಶನಿವಾರದೊಳಗೆ ಸರಿ ಮಾಡಿ ಮತ್ತೆ ಓಡಿಸಿರ್ತಾರೆ. ಮೇಲೆ ಹೇಳಿದ ಹನುಮಾನ್ ಕಥೆನೇ ತಗೊಳ್ಳಿ. ಅದು ಹುಟ್ಟಿದ್ದು ಇ.ಆರ್.ಎ. ಬಿ ಮಾದರಿಯಾಗಿ, ಆರ್-12 ಅಂತ ನಂಬರು, ಆಮೇಲೆ ಕಂಪನಿಯವರೇ ಮುಂದಿನ ಸಸ್ಪೆನ್ಷನ್ ಬದಲಾಯಿಸಿ ಸಿ ಮಾದರಿ ಮಾಡಿದ್ರು. 1939ರಲ್ಲಿ ಫ್ರಾನ್ಸಿನ ರೀಮ್ಸ್‌ನಲ್ಲಿ ಪ್ರಾಕ್ಟೀಸ್ ಟೈಮಲ್ಲಿ ಬೀರಾ ಕೈಲಿ ಜೋರಾಗಿ ಅಪಘಾತ ಆಯ್ತು. ವಾಪಸ್ ತಂದು ಬಿ ಮಾದರಿಯ ಫ್ರೇಮ್ ಹಾಕಿ ಕಟ್ಟಿ ಹನುಮಾನ್ 2 ಅಂತ ಕರೆದ್ರು. ಡೊಂಕಾದ ಹಳೇ ಫ್ರೇಮನ್ನ ಯಾರೂ ಗುಜರಿಗೆ ಹಾಕಲಿಲ್ಲ, ಎಷ್ಟೋ ಕಾಲದ ನಂತರ ಅದನ್ನ ಇಟ್ಕೊಂಡು ಇನ್ನೊಂದು ಕಾರು ಎದ್ದು ನಿಂತಿತು. ಹಿಂಗಾಗಿ ಹನುಮಾನ್ ಹೆಸರಿಗೆ ಹಕ್ಕಿರೋ ಕಾರು ಎರಡಿವೆ, ಯಾವುದರಲ್ಲಿ ಏನಿದೆ ಅಂತ ಬರಹದಲ್ಲಿ ಇರೋದ್ರಿಂದ ಜಗಳ ಇಲ್ಲ. ಎ, ಬಿ ಮಾದರಿ ಸೇರಿ ಇ.ಆರ್.ಎ. ಕಟ್ಟಿದ್ದು 17 ಕಾರು ಮಾತ್ರ (ಬಿ ಸರಣಿಯಲ್ಲಿ 13ನೇ ನಂಬರು ಅಪಶಕುನ ಅಂತ ಬಿಟ್ಟು 14ಕ್ಕೆ ಹಾರಿದ್ರು), ಬಹುಪಾಲು ಇವತ್ತಿಗೂ ಓಡ್ತಿವೆ, ಒಂದೊಂದರ ಜಾತಕವೂ ಬರೆದಿಟ್ಟಿದೆ.

ಕೋರ್ಟಿಗೆ ಹೋದದ್ದೂ ಉಂಟು. ಸಿಂಗಲ್ ಸೀಟ್ ಅಲ್ಲದಿದ್ರೂ ಹೇಳಲೇಬೇಕು, 1929 ಮತ್ತು 1930ರಲ್ಲಿ ಲೆ ಮಾನ್ಸ್ ಅನ್ನೋ ಫ್ರಾನ್ಸಿನ 24 ಗಂಟೆ ರೇಸ್ ಗೆದ್ದ ಓಲ್ಡ್ ನಂಬರ್ ಒನ್ ಅನ್ನೋ ಬೆಂಟ್ಲಿ ಕಾರನ್ನ 1 ಕೋಟಿ ಪೌಂಡಿಗೆ ಮಾತಾಡಿ, ಆಮೇಲೆ ಇದರಲ್ಲಿ ಹಳೇ ಲೋಹ ಏನೂ ಉಳಿದಿಲ್ಲ ಅಂತ ಕೊಳ್ಳೋರು ಹಿಂದೆ ಸರಿದ್ರು. 1990ರಲ್ಲಿ ಇಂಗ್ಲೆಂಡಿನ ಹೈಕೋರ್ಟು, ಕಾರು ಎಲ್ಲೂ ಕಳೆದುಹೋಗಿಲ್ಲ, ಬೇರೆ ಕಾರಾಗಿಲ್ಲ, ಬದಲಾಗ್ತಾ ಬದಲಾಗ್ತಾ ಬಂದಿದೆ ಅಷ್ಟೇ, ಆದ್ದರಿಂದ ಅದು ಅದೇ ಕಾರು ಅಂತ ತೀರ್ಪು ಕೊಡ್ತು. ನನ್ನ ಮಟ್ಟಿಗೆ ಅದು ಸರಿಯಾದ ತೀರ್ಪು. ಆದ್ರೆ ಬರೀ ಒಂದು ನಂಬರ್ ಪ್ಲೇಟು ಇಟ್ಕೊಂಡು ಸುತ್ತ ಹೊಸ ಕಾರು ಕಟ್ಟಿ 1935ರ ಕಾರು ಅನ್ನೋರನ್ನ ನಾನು ಒಪ್ಪಲ್ಲ.

ಪ್ರಶ್ನೆ: ಆಗ ಹೆಂಗಸರು ಇಂಥ ಕಾರು ಓಡಿಸ್ತಿದ್ರಾ? – ಪಿಯುಸಿ ವಿದ್ಯಾರ್ಥಿನಿ, ಹಿರಿಯೂರು

ಉತ್ತರ: ಓಡಿಸ್ತಿದ್ರಮ್ಮಾ, ಚೆನ್ನಾಗೇ ಓಡಿಸ್ತಿದ್ರು. ಬ್ರೂಕ್‌ಲ್ಯಾಂಡ್ಸ್ ಅಂತ ಇಂಗ್ಲೆಂಡಲ್ಲಿ 1907ರಲ್ಲಿ ಕಟ್ಟಿದ ಕಾಂಕ್ರೀಟ್ ಟ್ರ್ಯಾಕಿತ್ತು. ಅಲ್ಲಿ 1935ರಲ್ಲಿ ಕೇ ಪೀಟರ್ ಅನ್ನೋ ಹೆಣ್ಮಗಳು, ಐದಡಿನೂ ಇರಲಿಲ್ಲ, ಪೆಡಲ್ಲಿಗೆ ಕಾಲು ಎಟುಕಲಿ ಅಂತ ದಿಮ್ಮಿ ಕಟ್ಟಿಸ್ಕೊಂಡು 10.5 ಲೀಟರಿನ ದೈತ್ಯ ಡೆಲಾಜ್ ಕಾರನ್ನ ಗಂಟೆಗೆ ಸುಮಾರು 217 ಕಿಲೋಮೀಟರ್ ವೇಗದಲ್ಲಿ ಒಂದು ಸುತ್ತು ಹೊಡೆದ್ರು. ಅದೇ ವರ್ಷ ಗ್ವೆಂಡಾ ಹಾಕ್ಸ್ ಅನ್ನೋರು ಡರ್ಬಿ-ಮಿಲ್ಲರ್ ಅನ್ನೋ ಸಿಂಗಲ್ ಸೀಟ್ ಕಾರಲ್ಲಿ ಅದನ್ನೂ ಮೀರಿ 218 ದಾಟಿಸಿದ್ರು.

ಪ್ರಶ್ನೆ: ಅಣ್ಣಾ ನಮಸ್ಕಾರ. ನಮ್ಮಜ್ಜನ ಅಡಿಕೆ ಗೋಡೌನ್ ಹಿಂದೆ ಒಂದು ಆಸ್ಟಿನ್ ಸೆವೆನ್ ಐತೆ, ತುಕ್ಕು ಹಿಡಿದೈತೆ, ಹಿಂದಿನ ಬಾಡಿ ಅರ್ಧ ಹಾಳಾಗೈತೆ. ನಿಮ್ಮ ಪುಟ ಓದಿದ ಮೇಲೆ ಬಾಡಿ ಕಿತ್ತಾಕಿ ಸಿಂಗಲ್ ಸೀಟ್ ರೇಸ್ ಕಾರು ಮಾಡಾಣ ಅಂತ ಫ್ರೆಂಡ್ಸೆಲ್ಲಾ ಹೇಳ್ತಾವ್ರೆ. ದುರ್ಗದ ಗ್ಯಾರೇಜಿನವರು ಒಪ್ಪಿದಾರೆ. ಏನಂತೀರಾ? – ಓದುಗರು, ಹೊಳಲ್ಕೆರೆ

ಉತ್ತರ: ತಮ್ಮಾ, ಗ್ಯಾಸ್ ಕಟರ್ ಹಚ್ಚೋಕೆ ಮುಂಚೆ ಬರೆದೆಯಲ್ಲ, ದೊಡ್ಡ ಉಪಕಾರ ಮಾಡ್ದೆ.

ನಿನ್ನ ಆಸೆ ತಪ್ಪಲ್ಲ. ಆಸ್ಟಿನ್ ಸೆವೆನ್ 1922ರಿಂದ 1939ರವರೆಗೆ ಬಂದ ಪುಟ್ಟ ಕಾರು, 747 ಸಿ.ಸಿ., ಚಾಸಿ ಇಂಗ್ಲಿಷ್ ‘ಎ’ ಅಕ್ಷರದ ಆಕಾರ, ಮುಂದೆ ಅಡ್ಡಕ್ಕೆ ಒಂದೇ ಪಟ್ಟಿ ಸ್ಪ್ರಿಂಗು. ಹಗುರ, ಅಗ್ಗ, ಬಿಚ್ಚೋಕೆ ಸುಲಭ, ಅದಕ್ಕೇ ಪ್ರಪಂಚದ ತುಂಬ ಹುಡುಗರು ಇದನ್ನೇ ರೇಸ್ ಕಾರು ಮಾಡ್ಕೊಂಡ್ರು. ಬ್ರೂಸ್ ಮೆಕ್‌ಲಾರೆನ್ ರೇಸ್ ಕಲಿತಿದ್ದು ಆಸ್ಟಿನ್ ಸೆವೆನ್ನಲ್ಲಿ, ಕಾಲಿನ್ ಚಾಪ್ಮನ್ನನ ಮೊದಲ ಲೋಟಸ್ ಕೂಡ ಇದರ ಮೇಲೇ ಕಟ್ಟಿದ್ದು. ಕಂಪನಿಯವರೇ 1936ರಲ್ಲಿ ಮೇಲೆ ಹೇಳಿದ ಅದೇ ಮರ್ರೆ ಜೇಮಿಸನ್ ಕೈಲಿ 744 ಸಿ.ಸಿ.ಯ ಟ್ವಿನ್ ಕ್ಯಾಮ್ ಸಿಂಗಲ್ ಸೀಟರ್ ಮಾಡಿಸಿದ್ರು, ಸೂಪರ್‌ಚಾರ್ಜರ್ ಹಾಕಿ 100 ಕುದುರೆ ಶಕ್ತಿ ದಾಟಿಸಿದ ಪುಟಾಣಿ ಅದು.

ಆದ್ರೆ ನಿನ್ನ ಹತ್ರ ಇರೋದು ಅದಲ್ಲ, ನಿಮ್ಮಜ್ಜ ಓಡಿಸಿದ ಕಾರು. ರೇಸ್ ಕಾರಿನ ನಕಲು ಯಾವತ್ತು ಬೇಕಾದ್ರೂ ಮಾಡಬಹುದು, ತಗಡು ಸಿಗುತ್ತೆ, ಬಡಿಯೋರು ಸಿಗ್ತಾರೆ. ಹೊಳಲ್ಕೆರೆ ಕಡೆ ರಸ್ತೆ ಮೇಲೆ ಓಡಾಡಿದ ಆಸ್ಟಿನ್ ಬಾಡಿ ಒಂದ್ಸಲ ಗುಜರಿ ತಕ್ಕಡಿ ಏರಿದ್ರೆ ಮುಗೀತು. ಆದ್ದರಿಂದ ನನ್ನ ಮಾತು ಸ್ಪಷ್ಟ, ಬಾಡಿ ಕೀಳಬೇಡ.

ಏನ್ ಮಾಡ್ಬೇಕು ಅಂದ್ರೆ, ಮೊದಲು ಅಲುಗಾಡಿಸದೆ ಎಲ್ಲಾ ಕಡೆಯಿಂದ ಫೋಟೋ ತೆಗಿ. ಸೀಟಿನ ಕೆಳಗೆ, ಬಾಗಿಲ ಜೇಬಲ್ಲಿ, ಕಾರ್ಪೆಟ್ ಅಡಿ ಏನ್ ಸಿಕ್ರೂ ಎಸೀಬೇಡ, ಹಳೇ ರಸೀದಿ, ಬೀಗದ ಕೈ, ಬಸ್ ಟಿಕೆಟ್ಟು ಏನಾದ್ರೂ ಸರಿ. ಚಾಸಿ ನಂಬರು, ಇಂಜಿನ್ ನಂಬರು ಹುಡುಕು, ಗ್ರೈಂಡರ್ ಹಚ್ಚಬೇಡ, ಸೀಮೆಎಣ್ಣೆ ಬಟ್ಟೆಲಿ ಒರೆಸಿ ಕಾಗದ ಇಟ್ಟು ಪೆನ್ಸಿಲ್ ತಿಕ್ಕಿದ್ರೆ ಅಚ್ಚು ಬರುತ್ತೆ. ಬಣ್ಣ ಯಾವುದಿತ್ತು ಅಂತ ತಿಳೀಬೇಕಾದ್ರೆ ಡ್ಯಾಷ್ ಕೆಳಗೆ ಕಾಣದ ಜಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ಜಾಗನ ನೀರು ಹಾಕಿ ನಯವಾದ ಎಮರಿ ಕಾಗದದಲ್ಲಿ ಮೆಲ್ಲಗೆ ತಿಕ್ಕು, ಒಂದರ ಕೆಳಗೊಂದು ಬಣ್ಣ ಬಳೆ ಬಳೆಯಾಗಿ ತೆರ್ಕೊಳ್ಳುತ್ತೆ, ಒಳಗಿನ ಬಳೆ ಮೊದಲನೇ ಬಣ್ಣ. ಇಂಜಿನ್ ಜಾಮ್ ಆಗಿದ್ರೆ ಹ್ಯಾಂಡಲ್ ಹಾಕಿ ಜೋರು ಮಾಡಬೇಡ, ಪ್ಲಗ್ ತೂತಿಂದ ತೆಳು ಎಣ್ಣೆ ಬಿಟ್ಟು ವಾರಗಟ್ಟಲೆ ಬಿಡು. ಈ ಇಂಜಿನ್‌ಗಳಲ್ಲಿ ಬಹಳ ವರ್ಷ ಕ್ರ್ಯಾಂಕಿಗೆ ಬರೀ ಎರಡೇ ಮೇನ್ ಬೇರಿಂಗು, ಒತ್ತಡ ಹಾಕಿದ್ರೆ ಕ್ರ್ಯಾಂಕ್ ಮುರಿಯುತ್ತೆ.

ಹಾಳಾದ ಅರ್ಧ ಬಾಡಿ ವಿಷಯ. ಮೊದಲು ಆಯಸ್ಕಾಂತ ಇಟ್ಟು ನೋಡು, ಅಂಟಿದ್ರೆ ಉಕ್ಕಿನ ತಗಡು, ಅಂಟದಿದ್ರೆ ಅಲ್ಯೂಮಿನಿಯಂ. ಅಲ್ಯೂಮಿನಿಯಂ ಆಗಿದ್ರೆ ಬಡಿದು ಸರಿ ಮಾಡೋ ಮುಂಚೆ ಮೆದು ಮಾಡಬೇಕು, ಹಳೇ ಕೆಲಸಗಾರರ ಉಪಾಯ ಏನಂದ್ರೆ ತಗಡಿಗೆ ಬಟ್ಟೆ ಸೋಪು ಉಜ್ಜಿ ಹಿಂದಿನಿಂದ ಟಾರ್ಚಲ್ಲಿ ಕಾಯಿಸೋದು, ಸೋಪು ಕಪ್ಪಾಯ್ತು ಅಂದ ತಕ್ಷಣ ನಿಲ್ಲಿಸೋದು, ಇನ್ನೊಂಚೂರು ಕಾಯಿಸಿದ್ರೆ ತಗಡು ಕರಗಿ ತೂತು ಬೀಳುತ್ತೆ. ತೀರಾ ಕೊಳೆತ ತುಂಡನ್ನ ಮಾತ್ರ ತೆಗೆದು ಹೊಸದು ಸೇರಿಸು, ತೆಗೆದದ್ದಕ್ಕೆ ಚೀಟಿ ಕಟ್ಟಿ ಅಟ್ಟದ ಮೇಲಿಡು. ಹಳೇ ವಾಹನಗಳ ಅಂತಾರಾಷ್ಟ್ರೀಯ ಸಂಸ್ಥೆ ಫೀವಾ ಒಪ್ಪಿದ ಟುರಿನ್ ಚಾರ್ಟರ್ ಹೇಳೋದೂ ಇದನ್ನೇ, ಆದಷ್ಟು ಉಳಿಸು, ಬದಲಾಯಿಸಿದ್ದನ್ನ ಗುರುತಿಸಿ ಬರೆದಿಡು. ಕ್ರೋಮ್ ಮಿಂಚಿಸಿ, ಮೆಟಾಲಿಕ್ ಪೇಂಟ್ ಹೊಡೆದು ಮದುವೆ ಮೆರವಣಿಗೆ ಕಾರು ಮಾಡೋ ಗ್ಯಾರೇಜಿಗೆ ಕೊಡಬೇಡ, ಎಷ್ಟೇ ಕಮ್ಮಿಗೆ ಒಪ್ಪಿದ್ರೂ.

ರೇಸ್ ಕಾರು ಬೇಕೇ ಬೇಕು ಅಂದ್ರೆ ಬಾಡಿ ಇಲ್ಲದ ಬರೀ ಚಾಸಿ ಎಲ್ಲಾದ್ರೂ ಸಿಕ್ಕಾಗ ಅದರ ಮೇಲೆ ಕಟ್ಟು, ‘ಸ್ಪೆಷಲ್’ ಅಂತಲೇ ಕರಿ, ನಾನೇ ಬಂದು ಕೈ ಜೋಡಿಸ್ತೀನಿ.

ಪ್ರಶ್ನೆ: ಇಂಥ ಹಳೇ ಗಾಡಿಗೆ ಈಗ ಆರ್‌ಸಿ ಮಾಡ್ಕೊಡ್ತಾರಾ? – ಜಗಳೂರು, ಚಳ್ಳಕೆರೆ ಕಡೆಯಿಂದ ಹಲವರು

ಉತ್ತರ: ಮಾಡ್ಕೊಡ್ತಾರೆ. ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ವಿಂಟೇಜ್ ಗಾಡಿಗಳಿಗೆ ಅಂತ ಬೇರೆ ನಿಯಮ ತಂದಿದೆ. ಮೊದಲ ರಿಜಿಸ್ಟ್ರೇಷನ್ ಆಗಿ 50 ವರ್ಷ ದಾಟಿದ, ಚಾಸಿ, ಬಾಡಿ, ಇಂಜಿನ್ನಲ್ಲಿ ದೊಡ್ಡ ಬದಲಾವಣೆ ಮಾಡದ ಟೂ ವೀಲರ್, ಫೋರ್ ವೀಲರ್‌ಗಳಿಗೆ ಅದು ಅನ್ವಯ. ಹೊಸದಾಗಿ ಮಾಡಿಸೋಕೆ ಫೀಸು 20,000 ರೂಪಾಯಿ, 10 ವರ್ಷ ನಡೆಯುತ್ತೆ, ಆಮೇಲೆ ಮತ್ತೆ ಮಾಡಿಸೋಕೆ 5,000. ನಂಬರಲ್ಲಿ ರಾಜ್ಯದ ಅಕ್ಷರ ಆದ ಮೇಲೆ ‘ವಿಎ’ ಅಂತ ಬರುತ್ತೆ. ದಿನಾ ಓಡಾಡೋಕೆ, ಬಾಡಿಗೆಗೆ ಬಿಡೋಕೆ ಆಗಲ್ಲ, ರ‍್ಯಾಲಿ, ಪ್ರದರ್ಶನ, ರಿಪೇರಿ, ಪೆಟ್ರೋಲ್ ಹಾಕ್ಸೋದು, ಇಂಥಕ್ಕೆ ಮಾತ್ರ ರಸ್ತೆಗಿಳಿಸಬಹುದು. ಹೊಳಲ್ಕೆರೆ ತಮ್ಮನೂ ಇದನ್ನ ಓದ್ಕೊಳ್ಳಲಿ, ಬಾಡಿ ಕಿತ್ತಾಕಿದ ಕಾರಿಗೆ ಈ ದಾರಿನೂ ಮುಚ್ಚಿಹೋಗುತ್ತೆ. ಲೈಟು, ಮಡ್‌ಗಾರ್ಡು ಯಾವುದೂ ಇಲ್ಲದ ನಿಜವಾದ ಸಿಂಗಲ್ ಸೀಟ್ ರೇಸ್ ಕಾರಾದ್ರೆ ರಸ್ತೆ ಆಸೆನೇ ಬಿಟ್ಟು ಲಾರಿ ಮೇಲೆ ಹೇರ್ಕೊಂಡು ಟ್ರ್ಯಾಕಿಗೆ ಹೋಗೋದೇ ಸರಿ. ಅರ್ಜಿ ಹಾಕೋದು ಪರಿವಾಹನ್ ಪೋರ್ಟಲ್‌ನಲ್ಲಿ. ಹಳೇ ಆರ್‌ಸಿ ಪುಸ್ತಕ ಎಷ್ಟೇ ಹರಿದಿದ್ರೂ, ಇಲಿ ಕಡಿದಿದ್ರೂ ಬಿಸಾಕಬೇಡಿ, ಸ್ಕ್ಯಾನ್ ಮಾಡಿಸಿ ಒರಿಜಿನಲ್ಲನ್ನ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಬೀರುವಲ್ಲಿಡಿ, ಆರ್‌ಟಿಓ ಆಫೀಸಲ್ಲಿ ಮೊದಲು ಕೇಳೋದು ಅದನ್ನೇ.